ನೂರಕ್ಕೆ ಐದು ಪಾಲು

ಜನವರಿ 14, 2025, ಮಂಗಳವಾರ

ತಿಂದದ್ದು: ಟೋಸ್ಟು, ಬೇಯಿಸಿದ ಮೊಟ್ಟೆ, ಮಧ್ಯಾಹ್ನ ಬೀನ್ಸ್ ಸೂಪು. ಅಂಗಡಿ ಕೆಲಸದ ಮಧ್ಯೆ ಬಾಯಿಗೆ ಹಾಕಿಕೊಂಡ ರಾವಿಯೋಲಿಯನ್ನು, ನಮ್ಮ ಕಡೆಯ ಚೀಸ್ ಹೂರಣದ ಕಡುಬನ್ನು, ಇಲ್ಲಿ ಬರೆಯುವುದಿಲ್ಲ. ಅದು ರುಚಿ ನೋಡುವುದು, ಊಟವಲ್ಲ.

ತಿಂದದ್ದನ್ನೆಲ್ಲ ಬರೆದಿಡು ಎಂದು ಡಾಕ್ಟರು ಹೇಳಿದ್ದಕ್ಕೆ ಈ ಪುಸ್ತಕ ತಂದೆ. ಆದರೆ ಇವತ್ತು ತಿಂದದ್ದಕ್ಕಿಂತ ಕೇಳಿದ್ದೇ ಹೊಟ್ಟೆಯಲ್ಲಿ ಕೂತಿದೆ, ಅದನ್ನೂ ಬರೆಯುತ್ತೇನೆ. ಡಾಕ್ಟರು ಆ ಪುಟ ಬಿಟ್ಟು ಓದಲಿ.

ಬೆಳಿಗ್ಗೆ ಮಿಲ್ಟನ್ ಗೆಲ್ಬ್ ಅಂಗಡಿಗೆ ಬಂದಿದ್ದರು. ನನ್ನ ತೆರಿಗೆ ನೋಡಿಕೊಳ್ಳುವವರು. ಪ್ರತಿ ಜನವರಿ ಬಂದು ಒಂದು ಡಬ್ಬ ಚೀಸ್ ರಾವಿಯೋಲಿ ಕಟ್ಟಿಸಿಕೊಂಡು, ಅದಕ್ಕೆ ಬದಲಾಗಿ ಒಂದು ಕೆಟ್ಟ ಸುದ್ದಿ ಕೊಟ್ಟು ಹೋಗುತ್ತಾರೆ. ಸುದ್ದಿ ಹಳೆಯದೇ. ನ್ಯೂಜೆರ್ಸಿಯಲ್ಲಿ ಮನೆ ಕಂದಾಯ, ರಾಜ್ಯದ ವರಮಾನ ತೆರಿಗೆ ಎಂದು ನಾನು ಎಷ್ಟೇ ಕಟ್ಟಲಿ, ವಾಷಿಂಗ್ಟನ್ನಿನ ಲೆಕ್ಕದಲ್ಲಿ ಹತ್ತು ಸಾವಿರ ಡಾಲರ್ ಮಾತ್ರ ಕಳೆಯಬಹುದು. ಉಳಿದದ್ದಕ್ಕೆ, ಕೈಗೆ ಸಿಗದ ದುಡ್ಡಿಗೆ, ಮತ್ತೆ ತೆರಿಗೆ. 2018ರಿಂದ ಹೀಗೇ.

"ಕೋನಿ, ಕೇಳಮ್ಮ," ಅಂದರು. "ಆ ಮಿತಿ ಇರೋದು ಮನುಷ್ಯರಿಗೆ. ಅಂಗಡಿಗಲ್ಲ. ನಿನ್ನ ಬದಲು ಅಂಗಡೀನೇ ರಾಜ್ಯದ ತೆರಿಗೆ ಕಟ್ಟಿದ್ರೆ ಅದು ಅಂಗಡಿ ಖರ್ಚು. ಪೂರ್ತಿ ಕಳೀಬಹುದು. ನಮ್ಮ ರಾಜ್ಯದೋರೇ ಕಾನೂನು ಮಾಡಿಕೊಟ್ಟಿದಾರೆ."

"ಇದು ಮೋಸ ಅಲ್ವಾ ಮಿಲ್ಟನ್?"

"ವಾಷಿಂಗ್ಟನ್ ಚಾಪೆ ಕೆಳಗೆ ತೂರಿದ್ರೆ ನಮ್ಮೋರು ರಂಗೋಲಿ ಕೆಳಗೆ ತೂರಿದಾರೆ. ವಾಷಿಂಗ್ಟನ್ನೂ ನೋಡಿ ಸರಿ ಅಂದಿದೆ."

"ಹಾಗಾದ್ರೆ ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?"

"ಹೇಳಿದ್ದೆ. ಪ್ರತಿ ವರ್ಷ ಹೇಳಿದ್ದೆ. ನೀನು ಆ ಮಾತು ಬಂದ ತಕ್ಷಣ ಹಿಟ್ಟು ಜರಡಿ ಹಿಡಿಯೋಕೆ ಹೋಗ್ತಿದ್ದೆ. ಒಬ್ಬರೇ ಮಾಲೀಕರಿರೋ ಅಂಗಡಿಗೆ ಇದು ಸಿಗಲ್ಲ. ಇನ್ನೊಬ್ಬ ಪಾಲುದಾರರು ಬೇಕು. ನೂರಕ್ಕೆ ಐದು ಪಾಲು ಕೊಟ್ರೂ ಸಾಕು."

ಆಗಲೂ ಹಿಟ್ಟು ಜರಡಿ ಹಿಡಿಯಲು ಹೋದೆ.

ಜನವರಿ 22, ಬುಧವಾರ

ತಿಂದದ್ದು ನೆನಪಿಲ್ಲ.

ಪಾಲುದಾರರಾಗಿ ಯಾರನ್ನು ಕರೆಯುವುದು? ನನ್ನ ಗಂಡ ಸಾಲ್ ಇದ್ದಿದ್ದರೆ ಅವನನ್ನೇ ಹಾಕುತ್ತಿದ್ದೆ. ಅವನು ತೀರಿಕೊಂಡು ಹದಿಮೂರು ವರ್ಷವಾದ ಮೇಲೆ ಅವನ ಸಹಿಗೆ ಪರದಾಡುವ ಕಾಲ ಬಂತು. ಅಣ್ಣನ ಮಗನಿದ್ದಾನೆ. ಅವನಿಗೆ ಐದು ಪಾಲು ಕೊಟ್ಟರೆ ಐದನೇ ದಿನಕ್ಕೆ ರಾವಿಯೋಲಿಯನ್ನು ಕಾರ್ಖಾನೆಯಿಂದ ತರಿಸೋಣ ಅನ್ನುತ್ತಾನೆ.

ಅಂಗಡಿಯ ಬೋರ್ಡಿನ ಮೇಲೆ ಇನ್ನೂ "ಎರಡು ಲಟ್ಟಣಿಗೆ" ಎಂದೇ ಇದೆ. ಒಂದು ನನ್ನದು. ಇನ್ನೊಂದು ಹಲೀನಾ ವೊಯ್ಚಿಕ್‌ಳದು. ಮೇಜಿನ ಬಲಕ್ಕೆ ನಿಂತು ನಾನು ರಾವಿಯೋಲಿ ಮಾಡುತ್ತಿದ್ದೆ, ಎಡಕ್ಕೆ ನಿಂತು ಅವಳು ಪಿಯೆರೋಗಿ ಮಾಡುತ್ತಿದ್ದಳು, ಅವರ ಕಡೆಯ ಆಲೂಗಡ್ಡೆ ಹೂರಣದ ಕಡುಬು. ಇಪ್ಪತ್ತೆರಡು ವರ್ಷ. ಆಮೇಲೆ ಆ ಹತ್ತು ಸಾವಿರದ ಮಿತಿ ಬಂತು. ಅವಳ ಗಂಡ ಕಾಸಿಮಿರ್ "ಇನ್ನು ಈ ರಾಜ್ಯಕ್ಕೆ ಒಂದು ಕಾಸೂ ಕೊಡಲ್ಲ" ಎಂದು ಮನೆ ಮಾರಿ, ಡೆಲವೇರ್ ನದಿಯಾಚೆ ಪೆನ್ಸಿಲ್ವೇನಿಯಾಕ್ಕೆ ಹೊರಟ. ಆ ಸೇತುವೆಯ ಮೇಲೆ ನ್ಯೂಜೆರ್ಸಿಗೆ ಬರುವವರಿಗೆ ಸುಂಕವಿಲ್ಲ, ಬಿಟ್ಟು ಹೋಗುವವರಿಗೆ ಉಂಟು. "ಬಿಟ್ಟು ಹೋಗೋಕೂ ದುಡ್ಡು ಕೀಳ್ತಾರೆ ನೋಡು" ಎಂದು ಅವನು ಕೊನೆಯ ದಿನವೂ ಬೈದುಕೊಂಡೇ ಹೋದ.

ಹಲೀನಾ ಒಂದು ಚಳಿಗಾಲ ಅಲ್ಲಿಂದಲೇ ಓಡಾಡಿದಳು. ಹಿಮದಲ್ಲಿ ಕಾರು ಜಾರಿದ ಮೇಲೆ ನಿಂತಿತು. ಅವಳ ಪಾಲನ್ನು ನಾನೇ ಕೊಂಡೆ. ನಾವು ಜಗಳವಾಡಲಿಲ್ಲ. ಆಡಿದ್ದರೆ ರಾಜಿಯಾದರೂ ಆಗುತ್ತಿದ್ದೆವು. ಕ್ರಿಸ್‌ಮಸ್ಸಿಗೆ ಒಂದು ಕಾರ್ಡು ಅವಳಿಂದ, ಒಂದು ನನ್ನಿಂದ, ಅಷ್ಟೇ. ಮೇಜಿನ ಎಡಭಾಗದಲ್ಲಿ ಈಗ ಹಿಟ್ಟಿನ ಮೂಟೆಗಳನ್ನು ಪೇರಿಸಿದ್ದೇನೆ. ಖಾಲಿ ಇದ್ದರೆ ನೋಡಲು ಆಗುವುದಿಲ್ಲ.

ನನಗೆ ಅವಳು ಬೇಕು. ಬರೆದುಬಿಟ್ಟೆ. ತೆರಿಗೆಗೆ ಅಂತ ಅಲ್ಲ, ಸುಮ್ಮನೆ ಬೇಕು. ಈ ಪುಟವನ್ನೂ ಡಾಕ್ಟರು ಬಿಟ್ಟು ಓದಲಿ.

ಫೆಬ್ರವರಿ 2, ಭಾನುವಾರ

ಚರ್ಚಿನಿಂದ ಬಂದು, ಕೋಟು ಕೂಡ ಬಿಚ್ಚದೆ ಫೋನ್ ಮಾಡಿದೆ. ಬಿಚ್ಚಿದ್ದರೆ ಮಾಡುತ್ತಿರಲಿಲ್ಲ.

"ಹಲೀನಾ, ನಾನು ಕೋನಿ."

"ಯಾರು ಹೋದ್ರು?"

"ಯಾರೂ ಹೋಗಿಲ್ಲ. ಎಲ್ಲಾ ಗಟ್ಟಿಯಾಗಿದಾರೆ."

"ಮತ್ತೆ ಫೋನ್ ಯಾಕೆ ಮಾಡ್ದೆ?"

"ತೆರಿಗೆ ವಿಷಯ."

ಹಿಂದೆ ಟಿವಿಯ ಸದ್ದು ಕೇಳುತ್ತಿತ್ತು. "ಆರು ವರ್ಷ ಆದ್ಮೇಲೆ," ಅಂದಳು, "ತೆರಿಗೆ ವಿಷಯ."

ಮಿಲ್ಟನ್ ಹೇಳಿದ್ದನ್ನು ಗಿಣಿಪಾಠ ಒಪ್ಪಿಸಿದೆ. ನೂರಕ್ಕೆ ಐದು ಪಾಲು, ಅಷ್ಟಕ್ಕೆ ಅವಳ ದುಡ್ಡು, ಅಷ್ಟಕ್ಕೆ ಅವಳ ಲಾಭ. ನಾನು ಮಾತಾಡುತ್ತಿದ್ದದ್ದು ಬ್ಯಾಂಕಿನವರ ಹಾಗೆ ನನಗೇ ಕೇಳುತ್ತಿತ್ತು. ಅಷ್ಟರಲ್ಲಿ ಹಿಂದಿನಿಂದ ಕಾಸಿಮಿರ್ ಕೂಗಿದ: "ಯಾರೇ ಅದು, ಆ ರಾವಿಯೋಲಿ ರಾಣಿನಾ? ಏನಂತೆ?"

"ನನ್ನನ್ನ ಪಾಲುದಾರಳಾಗಿ ಹಾಕ್ಕೊಳ್ತಾಳಂತೆ. ವಾಷಿಂಗ್ಟನ್ನಿಗೆ ಕಡಿಮೆ ತೆರಿಗೆ ಕಟ್ಟೋಕೆ."

"ವಾಷಿಂಗ್ಟನ್ನಿಗಾ? ಎಲ್ಲಿ ಸಹಿ ಹಾಕ್ಬೇಕು ಕೇಳು. ಬೇಕಾದ್ರೆ ನಾನೂ ಹಾಕ್ತೀನಿ!"

ಹಲೀನಾ ನಗಲಿಲ್ಲ. "ಯೋಚನೆ ಮಾಡ್ತೀನಿ ಕೋನಿ" ಅಂದು ಇಟ್ಟಳು.

ತಿಂದದ್ದು: ಅರ್ಧ ಡಬ್ಬ ಬಿಸ್ಕತ್ತು, ಕೋಟು ಹಾಕಿಕೊಂಡೇ.

ಫೆಬ್ರವರಿ 11, ಮಂಗಳವಾರ

ಒಪ್ಪಿದಳು. ಎರಡು ಸಾಲಿನ ಸಂದೇಶ. "ಸರಿ. ಕಾಗದ ಕಳಿಸು."

ಫೆಬ್ರವರಿ 27, ಗುರುವಾರ

ಸಹಿ ಹಾಕಲು ಮಿಲ್ಟನ್ ಕಚೇರಿಗೆ ಬರುತ್ತಾಳೆಂದು ನಿನ್ನೆ ಕೂದಲಿಗೆ ಬಣ್ಣ ಹಚ್ಚಿಸಿಕೊಂಡಿದ್ದೆ. ಹೋಗಿ ನೋಡಿದರೆ ಮಿಲ್ಟನ್ ಒಬ್ಬರೇ ಕೂತಿದ್ದಾರೆ. "ಅವಳದು ಆಗ್ಲೇ ಆಯ್ತಮ್ಮ, ಕಂಪ್ಯೂಟರಿನಲ್ಲೇ ಹಾಕಿ ಕಳಿಸಿದ್ಲು. ಕಾಸಿಮಿರ್‌ಗೆ ಮಂಡಿ ಆಪರೇಷನ್ ಅಂತೆ, ಬಿಟ್ಟು ಬರೋಕಾಗಲ್ಲ." ಬಣ್ಣ ಹಚ್ಚಿಸಿದ್ದು ದಂಡ. ಮಿಲ್ಟನ್‌ಗೆ ಅದು ಕಾಣಿಸಲೂ ಇಲ್ಲ.

"ಒಂದು ಮಾತು ನೆನಪಿಟ್ಕೋ," ಅಂದರು. "ಹೆಸರಿಗೆ ಮಾತ್ರ ಪಾಲುದಾರಳು ಅಂದ್ರೆ ನಡೆಯಲ್ಲ. ನಾಳೆ ಯಾರಾದ್ರೂ ಬಂದು ಕೇಳಿದ್ರೆ, ಇವಳು ನಿಜವಾಗ್ಲೂ ವ್ಯವಹಾರದಲ್ಲಿ ಇದಾಳೆ ಅಂತ ತೋರಿಸ್ಬೇಕು. ವರ್ಷಕ್ಕೊಂದು ಸಭೆ ಮಾಡಿ, ಏನು ಮಾತಾಡಿದ್ರಿ ಅಂತ ನಡಾವಳಿ ಬರೆದಿಡಿ."

ಸಂಜೆ ಹಲೀನಾಗೆ ಬರೆದೆ: ಕಾನೂನಿನ ಪ್ರಕಾರ ಪ್ರತಿ ತಿಂಗಳ ಮೊದಲ ಬುಧವಾರ ಬೆಳಿಗ್ಗೆ ಒಂಬತ್ತಕ್ಕೆ ಫೋನಿನಲ್ಲಿ ಸಭೆ ಕಡ್ಡಾಯ.

ಹೆಚ್ಚು ಮಾಡಿದರೆ ತಪ್ಪೇನು? ಕಾನೂನು ಎಂದ ಮೇಲೆ ಎಚ್ಚರ ಒಳ್ಳೆಯದು.

ಮಾರ್ಚ್ 5, ಬೂದಿ ಬುಧವಾರ

ಉಪವಾಸ. ತಿಂದದ್ದು ಏನೂ ಇಲ್ಲ, ಡಾಕ್ಟರಿಗೆ ಖುಷಿಯಾಗಲಿ.

ಮೊದಲ ಸಭೆ. ವಿಷಯಗಳನ್ನು ಬರೆದಿಟ್ಟುಕೊಂಡಿದ್ದೆ. ಒಂದು, ಹಿಟ್ಟಿನ ಬೆಲೆ. ಎರಡು, ಹಳೇ ಫ್ರಿಜ್ಜಿನ ಸದ್ದು. ಮೂರು, ಇತರೆ.

"ಹಿಟ್ಟಿನ ಬೆಲೆ ಏರಿದೆ," ಅಂದೆ.

"ಗೊತ್ತು. ನಾನೂ ಹಿಟ್ಟು ಕೊಳ್ತೀನಿ."

"ಫ್ರಿಜ್ಜು ಸದ್ದು ಮಾಡತ್ತೆ."

"ಅದು 2009ರಿಂದ ಸದ್ದು ಮಾಡತ್ತೆ. ಎಡಗಡೆ ಒಂದು ಒದೆ ಕೊಡು."

ಕೊಟ್ಟೆ. ನಿಂತಿತು. ಅವಳಿಗೆ ಫೋನಿನಲ್ಲೇ ಕೇಳಿಸಿತು. "ಇತರೆ ಏನು?" ಅಂದಳು. ಇತರೆ ಏನೂ ಇರಲಿಲ್ಲ. ಇದ್ದದ್ದೆಲ್ಲ ಬಾಯಿಗೆ ಬರಲಿಲ್ಲ. ಒಂಬತ್ತು ನಿಮಿಷಕ್ಕೆ ಸಭೆ ಮುಗಿಯಿತು. ನಡಾವಳಿ ಬರೆದೆ: ಪಾಲುದಾರರಿಬ್ಬರೂ ಹಾಜರು. ಫ್ರಿಜ್ಜು ದುರಸ್ತಿಯಾಯಿತು.

ಮಾರ್ಚ್ 21, ಶುಕ್ರವಾರ

ಲೆಂಟ್ ವ್ರತದ ಶುಕ್ರವಾರ, ಮಾಂಸ ಮುಟ್ಟದವರೆಲ್ಲ ಸಾಲು ನಿಂತಿದ್ದರು. ಮುದುಕಿ ಮಿಸೆಸ್ ಕ್ರೂಪಾ ಎಂದಿನಂತೆ ಪಿಯೆರೋಗಿ ಕೇಳಿದಳು. ಇಲ್ಲ ಎಂದೆ. "ಬೋರ್ಡಲ್ಲಿ ಎರಡು ಲಟ್ಟಣಿಗೆ ಅಂತ ಹಾಕ್ಕೊಂಡು ಒಂದರಲ್ಲೇ ಸಂಸಾರ ಮಾಡ್ತೀಯಲ್ಲೇ" ಎಂದು ಎಲ್ಲರೆದುರು ಮೂತಿ ತಿವಿದು ಹೋದಳು.

ಮಧ್ಯಾಹ್ನ ಹಿಟ್ಟಿನ ಮೂಟೆಗಳನ್ನು ಮೇಜಿನ ಎಡಭಾಗದಿಂದ ಹಿಂದಿನ ಕೋಣೆಗೆ ಸಾಗಿಸಿದೆ. ಇಲಿ ಕಾಟ.

ಏಪ್ರಿಲ್ 2, ಬುಧವಾರ

ಹೋದ ವಾರ ನಾನೇ ಪಿಯೆರೋಗಿ ಮಾಡಲು ಹೋಗಿ ಮಾನ ಕಳೆದುಕೊಂಡೆ. ನೀರಿಗೆ ಬಿಟ್ಟ ತಕ್ಷಣ ಎಲ್ಲವೂ ಬಾಯಿ ಬಿಟ್ಟವು, ಪಾತ್ರೆಯ ತುಂಬ ಆಲೂಗಡ್ಡೆ ಗಂಜಿ. ಇವತ್ತಿನ ಸಭೆಯಲ್ಲಿ ಇದನ್ನು ಮೊದಲ ವಿಷಯ ಮಾಡಿದೆ.

"ಕಣಕಕ್ಕೆ ಏನು ಹಾಕ್ದೆ?"

"ಮೊಟ್ಟೆ."

"ದೇವರೇ! ನಿಮ್ಮ ರಾವಿಯೋಲಿ ಕಣಕದಲ್ಲಿ ನಮ್ಮ ಪಿಯೆರೋಗಿ ಮಾಡಿದ್ಯಾ? ಬಿಸಿನೀರು ಕಣೇ, ಬಿಸಿನೀರು! ಇಪ್ಪತ್ತೆರಡು ವರ್ಷ ಪಕ್ಕದಲ್ಲೇ ನಿಂತಿದ್ದೆ, ಏನು ನೋಡ್ತಿದ್ದೆ?"

"ನಿನ್ನ ಬಾಯಿ ನೋಡ್ತಿದ್ದೆ. ಮಾತು ನಿಲ್ಸಿದ್ರೆ ತಾನೆ ಕೈ ನೋಡೋಕೆ!"

ನಕ್ಕಳು. ಅವಳು ನಗುವಾಗ ಕೊನೆಯಲ್ಲಿ ಒಂದು ಸಣ್ಣ ಕೆಮ್ಮು ಬರುತ್ತದೆ. ಅದು ಹಾಗೇ ಇದೆ. ಕೇಳಿ ನನಗೆ ಅಳು ಬಂತು, ಫೋನನ್ನು ದೂರ ಹಿಡಿದುಕೊಂಡೆ. ಆಮೇಲೆ ಅಲ್ಲಿಯ ಸಂಗತಿ ಹೇಳಿದಳು. ಮನೆ ದೊಡ್ಡದು, ಕಂದಾಯ ಕಡಿಮೆ, ಕಿಟಕಿಯಿಂದ ಜಿಂಕೆ ಕಾಣುತ್ತದೆ. "ಜಿಂಕೆ ಜೊತೆ ಎಷ್ಟು ಅಂತ ಮಾತಾಡ್ಲಿ ಕೋನಿ," ಅಂದಳು.

ನಡಾವಳಿ: ಉತ್ಪಾದನಾ ವಿಧಾನದ ಬಗ್ಗೆ ಚರ್ಚೆ ನಡೆಯಿತು.

ಮೇ 7, ಬುಧವಾರ

ಹಿಟ್ಟಿನ ಬೆಲೆ ಎರಡು ನಿಮಿಷ, ಇತರೆ ಎರಡು ಗಂಟೆ. ಕಾಸಿಮಿರ್ ಹಿಂದಿನಿಂದ "ಇದೇನು ಸಭೆನೋ ಸಂತೆನೋ?" ಎಂದು ಕೂಗಿದ. ಅವನ ಮಂಡಿ ನಿಧಾನಕ್ಕೆ ಕೂಡುತ್ತಿದೆ. ಆಸ್ಪತ್ರೆಗೆ, ವ್ಯಾಯಾಮಕ್ಕೆ, ಎಲ್ಲಕ್ಕೂ ಇವಳೇ ಕಾರು ಓಡಿಸಬೇಕು.

ಒಂದು ಸಭೆಗಾದರೂ ಇಲ್ಲಿಗೇ ಬಾ ಎಂದು ಕೇಳಬೇಕೆಂದುಕೊಂಡವಳು, ಕೊನೆಗೆ ಅಂದದ್ದು: "ಪಾಲುದಾರರು ವರ್ಷದಲ್ಲಿ ಒಂದು ಸಲ ಅಂಗಡಿ ಕಣ್ಣಾರೆ ನೋಡ್ಬೇಕಂತೆ. ನಿಯಮ."

"ಹೌದಾ? ಎಲ್ಲಿದೆ ಆ ನಿಯಮ?"

"ಎಲ್ಲೋ ಇದೆ."

"ಸರಿ ಬಿಡು. ಇವನು ಕಾರು ಓಡಿಸೋ ಹಾಗಾಗ್ಲಿ. ಆಗಸ್ಟಲ್ಲಿ ನೋಡೋಣ."

ಆಗಸ್ಟ್. ಎಡಗಡೆಯ ಮೇಜಿಗೆ ಎಣ್ಣೆ ಹಚ್ಚಿದೆ. ಮರ ಒಣಗಿ ಬಿರುಕು ಬಿಡುತ್ತಿತ್ತು, ಅದಕ್ಕೆ.

ಜೂನ್ 4, ಬುಧವಾರ

ಸಭೆ ಚೆನ್ನಾಗಿ ನಡೆಯಿತು. ನಡಾವಳಿ ಬರೆಯುವುದು ಮರೆತೆ.

ಜುಲೈ 5, ಶನಿವಾರ

ದೇಶದ ಸ್ವಾತಂತ್ರ್ಯೋತ್ಸವದ ಮರುದಿನ, ಅಂಗಡಿಯಲ್ಲಿ ಜನವಿರಲಿಲ್ಲ. ಮಿಲ್ಟನ್ ಫೋನ್ ಮಾಡಿದರು. ಇಷ್ಟು ವರ್ಷಗಳಲ್ಲಿ ಮೊದಲ ಸಲ ಅವರ ದನಿಯಲ್ಲಿ ನಗು ಕೇಳಿಸಿತು.

"ಕೋನಿ, ಒಳ್ಳೇ ಸುದ್ದಿ! ನಿನ್ನೆ ಹೊಸ ಕಾನೂನಿಗೆ ಸಹಿ ಬಿತ್ತು. ಹತ್ತು ಸಾವಿರದ ಮಿತಿ ಹೋಯ್ತು. ಈ ವರ್ಷದಿಂದ ನಲವತ್ತು ಸಾವಿರ. ನೀನು ಕಟ್ಟೋದೆಲ್ಲಾ ಅದರೊಳಗೇ ಬರತ್ತೆ. ಇನ್ನು ಆ ಸುತ್ತುದಾರಿ ನಿನಗೆ ಬೇಡ. ಪಾಲುದಾರಿಕೆ ಮುಚ್ಚಿಬಿಡೋಣ. ಎರಡೆರಡು ಕಾಗದಪತ್ರ, ನನ್ನ ಶುಲ್ಕ, ಎಲ್ಲಾ ಉಳಿಯತ್ತೆ."

ಫೋನು ಕಿವಿಗಿಟ್ಟುಕೊಂಡೇ ಮೇಜಿನ ಎಡಭಾಗ ಒರೆಸತೊಡಗಿದೆ.

"ಕೋನಿ? ಕೇಳಿಸ್ತಾ?"

"ಈ ನಲವತ್ತು ಸಾವಿರ ಯಾವಾಗ್ಲೂ ಇರತ್ತಾ?"

"2030ಕ್ಕೆ ಮತ್ತೆ ಹತ್ತಕ್ಕೆ ಇಳಿಯತ್ತೆ ಅಂತ ಬರೆದಿದಾರೆ."

"ಹಾಗಾದ್ರೆ ಪಾಲುದಾರಿಕೆ ಇರ್ಲಿ. 2030 ಈಗ ಬಂದುಬಿಡತ್ತೆ."

"ಅದಕ್ಕೆ ಐದು ವರ್ಷ ಇದೆಯಮ್ಮ! ಅಷ್ಟು ದಿನ ಸುಮ್ಮನೆ ಖರ್ಚು ಯಾಕೆ? ಹಲೀನಾಗೂ ಪಾಪ ಎರಡು ರಾಜ್ಯದ ಲೆಕ್ಕ ಬರೆಯೋ ತಲೆನೋವು. ಅವಳಿಗೆ ನೀನೇ ಹೇಳ್ತೀಯಾ, ನಾನು ಹೇಳ್ಲಾ?"

"ನಾನೇ ಹೇಳ್ತೀನಿ."

ಒಂದು ಮಿತಿ ಬಂದು ಅವಳನ್ನು ಕರೆದುಕೊಂಡು ಹೋಯಿತು. ಈಗ ಅದೇ ಮಿತಿ ಹೋಗಿ ಅವಳನ್ನು ಮತ್ತೆ ಕರೆದುಕೊಂಡು ಹೋಗುತ್ತಿದೆ. ನಮ್ಮ ಅಂಗಡಿಯ ಕಥೆಯನ್ನು ವಾಷಿಂಗ್ಟನ್ನಿನಲ್ಲಿ ಕೂತು ಯಾರು ಬರೆಯುತ್ತಾರೋ, ಅವರಿಗೆ ಒಂದು ಹೊತ್ತು ಒಳ್ಳೆಯ ಊಟ ಸಿಗದಿರಲಿ.

ಜುಲೈ 18, ಶುಕ್ರವಾರ

ಹೇಳಿಲ್ಲ.

ಮಿಲ್ಟನ್ ಮುಚ್ಚುವ ಕಾಗದ ಕಳಿಸಿದ್ದಾರೆ. ಕಣಕ ಲಟ್ಟಿಸುವ ಯಂತ್ರದ ಕಾಲು ಕುಂಟುತ್ತಿತ್ತು. ಮಡಿಸಿ ಅದರ ಕೆಳಗೆ ಇಟ್ಟಿದ್ದೇನೆ. ಈಗ ಯಂತ್ರ ಅಲುಗುವುದಿಲ್ಲ.

ಜುಲೈ 29, ಮಂಗಳವಾರ

ನಿದ್ದೆ ಸರಿಯಿಲ್ಲ. ಹೇಳದಿದ್ದರೆ ಅವಳಿಗೆ ಮೋಸ, ಹೇಳಿದರೆ ನನಗೆ ಬುಧವಾರವಿಲ್ಲ. ತೆರಿಗೆ ನೆಪ ಹೋದ ಮೇಲೆ ಅವಳು ಯಾಕೆ ಫೋನ್ ಎತ್ತುತ್ತಾಳೆ? ಎತ್ತಿದರೂ ನಾನು ಏನೆಂದು ಮಾತಾಡಲಿ? "ನೀನಿಲ್ಲದೆ ಬೇಜಾರು ಕಣೇ" ಎಂದು ಅರವತ್ತಮೂರು ವರ್ಷದ ಹೆಂಗಸು ಹೇಳಲು ಯಾವ ಕಾನೂನೂ ದಾರಿ ಮಾಡಿಕೊಟ್ಟಿಲ್ಲ.

ಆಗಸ್ಟ್ ಆರರ ಸಭೆಯಲ್ಲಿ ಮೊದಲ ವಿಷಯವೇ ಅದು. ಹೇಳಿಬಿಡುತ್ತೇನೆ.

ಆಗಸ್ಟ್ 6, ಬುಧವಾರ

ಒಂಬತ್ತಕ್ಕೆ ಫೋನ್ ಮಾಡಿದೆ. ಎತ್ತಲಿಲ್ಲ. ಐದು ನಿಮಿಷ ಬಿಟ್ಟು ಮಾಡಿದೆ, ಎತ್ತಲಿಲ್ಲ. ಒಂದು ಸಭೆಯೂ ತಪ್ಪಿಸಿದವಳಲ್ಲ. ಗೊತ್ತಾಗಿಬಿಟ್ಟಿದೆ ಎಂದುಕೊಂಡೆ. ಮನೆಯ ಫೋನಿಗೆ ಮಾಡಿದೆ. ಕಾಸಿಮಿರ್ ಎತ್ತಿದ.

"ಅವಳಿಲ್ಲ, ಹೋದ್ಲು."

"ಎಲ್ಲಿಗೆ?"

"ಸುಂಕ ಕೊಡದೆ ಹೋಗೋ ಕಡೆಗೆ."

ಅವನು ಏನು ಹೇಳಿದ ಎಂದು ನನಗೆ ಹೊಳೆಯುವಷ್ಟರಲ್ಲಿ ಹಿಂಬಾಗಿಲು ತಳ್ಳಿದ ಸದ್ದಾಯಿತು. ಅದನ್ನು ಭುಜ ಕೊಟ್ಟು ತಳ್ಳಬೇಕು, ಹೊಸಬರಿಗೆ ಗೊತ್ತಾಗುವುದಿಲ್ಲ. ಒಂದು ಕೈಯಲ್ಲಿ ಆಲೂಗಡ್ಡೆ ಚೀಲ, ಕಂಕುಳಲ್ಲಿ ಅವಳ ಲಟ್ಟಣಿಗೆ. ಕೂದಲು ಪೂರ್ತಿ ಬೆಳ್ಳಗಾಗಿದೆ. ನೋಡುತ್ತ ನಿಂತೆ. ತಬ್ಬಿಕೊಳ್ಳಬೇಕಿತ್ತು, ಆಗಲಿಲ್ಲ, ಎರಡೂ ಕೈಗೆ ಹಿಟ್ಟು ಮೆತ್ತಿತ್ತು.

ಅವಳು ಮೇಜು ನೋಡಿದಳು. "ನನ್ನ ಕಡೆ ಖಾಲಿ ಇದೆ."

"ಇಲಿ ಕಾಟ. ಮೂಟೆ ತೆಗ್ದೆ."

"ಮೂಟೆ ತೆಗೆದ್ರೆ ಇಲಿ ಎಲ್ಲಿಗ್ ಹೋಗತ್ತೆ?"

"ಪೆನ್ಸಿಲ್ವೇನಿಯಾಗೆ."

ನಕ್ಕಳು, ಕೆಮ್ಮಿದಳು. ಈ ನಗು ನಿಲ್ಲುವ ಮೊದಲೇ ಹೇಳಿಬಿಡಬೇಕು ಅನ್ನಿಸಿತು. "ಹಲೀನಾ, ಮಿತಿ ನಲವತ್ತು ಸಾವಿರ ಆಗಿದೆ. ಪಾಲುದಾರಿಕೆ ಇನ್ನು ನನಗೆ ಬೇಕಿಲ್ಲ. ಹೋದ ತಿಂಗಳೇ ಗೊತ್ತಿತ್ತು, ಹೇಳ್ಲಿಲ್ಲ."

ಅವಳು ಆಲೂಗಡ್ಡೆ ಹೆರೆಯಲು ಶುರುಮಾಡಿದ್ದಳು, ನಿಲ್ಲಿಸಲಿಲ್ಲ. "ಕಾಸಿಮಿರ್ ಇಡೀ ದಿನ ಟಿವಿ ಮುಂದೆ ಕೂತಿರ್ತಾನೆ ಕೋನಿ. ಸಹಿ ಬಿದ್ದ ಇಂಕು ಒಣಗೋಕೆ ಮುಂಚೆ ನಮ್ಮನೇಲಿ ಗೊತ್ತು."

"ಗೊತ್ತಿದ್ದೂ ಬಂದ್ಯಾ?"

"ಸಭೆ ಇತ್ತಲ್ಲ. ನೀನೇ ಕಡ್ಡಾಯ ಅಂದಿದ್ದೆ." ತಲೆ ಎತ್ತಿ ನನ್ನನ್ನು ನೋಡಿದಳು. "ವರ್ಷಕ್ಕೊಂದೇ ಸಾಕು ಅಂತ ಮಿಲ್ಟನ್ ನನಗೂ ಹೇಳಿದ್ರು ಕಣೇ. ಫೆಬ್ರವರೀಲೇ. ಬೆಕ್ಕು ಕಣ್ಣು ಮುಚ್ಕೊಂಡು ಹಾಲು ಕುಡಿದ ಹಾಗೆ ನೀನು ಪ್ರತಿ ತಿಂಗಳು ಫೋನ್ ಮಾಡ್ತಿದ್ದೆ. ನಾನೂ ಕಣ್ಣು ಮುಚ್ಕೊಂಡೇ ಎತ್ತುತ್ತಿದ್ದೆ."

ಫೆಬ್ರವರಿಯಿಂದ ಅವಳಿಗೆ ಗೊತ್ತಿತ್ತು. ಮಾರ್ಚಿನ ಆ ಒಂಬತ್ತು ನಿಮಿಷದ ಸಭೆಯಲ್ಲೂ ಗೊತ್ತಿತ್ತು.

"ನಿನ್ನ ಅರ್ಧ ಪಾಲು ವಾಪಸ್ ತಗೋ," ಅಂದೆ. "ಮಿಲ್ಟನ್‌ಗೆ ಇವತ್ತೇ ಹೇಳ್ತೀನಿ."

"ಬೇಡ. ಕಾಗದದಲ್ಲಿ ಐದೇ ಇರ್ಲಿ. ಪಾಲು ಜಾಸ್ತಿ ಆದ್ರೆ ನ್ಯೂಜೆರ್ಸಿಗೆ ಇನ್ನೂ ಹೆಚ್ಚು ತೆರಿಗೆ ಕಟ್ಬೇಕಲ್ಲಾ ಅಂತ ಆ ಮುದುಕ ಮಂಡಿ ಜೊತೆ ಎದೇನೂ ಹಿಡ್ಕೊಂಡು ಕೂರ್ತಾನೆ." ಲಟ್ಟಣಿಗೆಯಿಂದ ಮೇಜಿನ ನಡುವೆ ಗೆರೆ ಎಳೆದ ಹಾಗೆ ತೋರಿಸಿದಳು. "ಮೇಜು ಮಾತ್ರ ಅರ್ಧರ್ಧ."

ಮಧ್ಯಾಹ್ನ ಮಿಸೆಸ್ ಕ್ರೂಪಾ ಬಂದು ಗಾಜಿನ ಪೆಟ್ಟಿಗೆಯೊಳಗೆ ನೋಡಿ, ಶಿಲುಬೆಯ ಗುರುತು ಮಾಡಿಕೊಂಡು, ನಾಲ್ಕು ಡಜನ್ ಕಟ್ಟಿಸಿಕೊಂಡಳು. ಸಂಜೆ ನಾಲ್ಕಕ್ಕೆ ಹಲೀನಾ ಹೊರಟಳು. ಕಾರಿನವರೆಗೆ ಹೋದೆ. ಅವಳು ಲಟ್ಟಣಿಗೆಯನ್ನು ತೆಗೆದುಕೊಂಡು ಹೋಗಲಿಲ್ಲ.

ತಿಂದದ್ದು: ಪಿಯೆರೋಗಿ. ಎಷ್ಟು ಎಂದು ಬರೆಯುವುದಿಲ್ಲ.

ಈ ಸಲ ನಡಾವಳಿ ಮರೆಯಬಾರದೆಂದು ಮೊದಲೇ ಬರೆದುಬಿಟ್ಟೆ, ಇಲ್ಲೂ ಇಳಿಸುತ್ತೇನೆ. ಪಾಲುದಾರರಿಬ್ಬರೂ ಅಂಗಡಿಯಲ್ಲೇ ಹಾಜರು. ನಿರ್ಣಯ ಒಂದೇ: ನ್ಯೂಜೆರ್ಸಿ ಬಿಟ್ಟು ಹೋಗುವಾಗ ಕೊಡಬೇಕಾದ ಸೇತುವೆಯ ಸುಂಕವನ್ನು ಇನ್ನು ಮುಂದೆ ಪ್ರತಿ ಬುಧವಾರ ಅಂಗಡಿಯೇ ಕಟ್ಟತಕ್ಕದ್ದು. ಇಬ್ಬರೂ ಒಪ್ಪಿದರು.